ಎದೆಯಲ್ಲಿ ಗಂಟು: ನೋಡಿಕೊಳ್ಳುವುದು ಹೇಗೆ, ಎಲ್ಲಿ ತೋರಿಸಬೇಕು

ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು. ನಮ್ಮ ಕಡೆ ಇದು ತಿರುಗಾಮುರುಗಾ ಆಗಿದೆ: ನೋವಿದ್ದರೆ ಆಸ್ಪತ್ರೆ, ಇಲ್ಲದಿದ್ದರೆ ‘ಇರ್ಲಿ ಬಿಡು’. ಸ್ತನ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಹಾಗಂತ ಹೆದರಬೇಡಿ, ಎದೆಯಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಎಂದು ಬೆರಳು ಹೇಳುವುದಿಲ್ಲ, ಪರೀಕ್ಷೆ ಹೇಳುತ್ತದೆ.

ಮನೆಯಲ್ಲಿ ನೋಡಿಕೊಳ್ಳಲು ಮುಟ್ಟು ಶುರುವಾದ 7ರಿಂದ 10ನೇ ದಿನ ಸರಿಯಾದ ಹೊತ್ತು. ಮುಟ್ಟಿಗೆ ಮುಂಚಿನ ವಾರ ಎದೆ ಬಿಗಿದು ಗಂಟುಗಂಟಾಗಿರುತ್ತದೆ, ಆಗ ಮುಟ್ಟಿದರೆ ಸುಮ್ಮನೆ ಗಾಬರಿ. ಮುಟ್ಟು ನಿಂತವರು ಹುಣ್ಣಿಮೆ ದಿನ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.

ಮೊದಲು ಕನ್ನಡಿ ಮುಂದೆ ನಿಂತು ಕೈ ಇಳಿಬಿಟ್ಟು ನೋಡಿ, ಆಮೇಲೆ ಎತ್ತಿ ನೋಡಿ. ಚರ್ಮ ಒಂದು ಕಡೆ ಒಳಗೆ ಎಳೆದಿದೆಯೇ, ಕಿತ್ತಳೆ ಸಿಪ್ಪೆಯಂತೆ ತೂತುತೂತಾಗಿದೆಯೇ, ಮೊದಲು ಸರಿಯಿದ್ದ ತೊಟ್ಟು ಈಗ ಒಳಗೆ ಹೋಗಿದೆಯೇ? ಒಂದೇ ತೊಟ್ಟಿನಿಂದ ತಾನಾಗೇ ರಕ್ತ ಬರುತ್ತಿದ್ದರೆ ಅದೂ ಲೆಕ್ಕಕ್ಕೆ.

ನಂತರ ಮಲಗಿ. ಬಲಗಡೆ ನೋಡುವಾಗ ಬಲಭುಜದ ಕೆಳಗೆ ದಿಂಬು, ಬಲಗೈ ತಲೆಯಡಿ. ಎಡಗೈಯ ನಡುವಿನ ಮೂರು ಬೆರಳುಗಳ ತುದಿಯಲ್ಲ, ಮೆತ್ತನೆ ಭಾಗ ಬಳಸಿ. ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಸುತ್ತಿಸುತ್ತಾ, ಒಂದೊಂದು ಜಾಗದಲ್ಲೂ ಮೂರು ಸಲ ಒತ್ತಿ: ಮೆಲ್ಲಗೆ, ಸ್ವಲ್ಪ ಜೋರಾಗಿ, ಪಕ್ಕೆಲುಬು ಸಿಗುವಷ್ಟು. ಕಂಕುಳಿಂದ ಎದೆಮೂಳೆವರೆಗೆ, ಕೊರಳಮೂಳೆಯಿಂದ ಎದೆಯ ಕೆಳಗಿನವರೆಗೆ ಸಾಲುಸಾಲಾಗಿ ಮೇಲೆ ಕೆಳಗೆ ಹೋಗಿ. ಹಿಂಡಿ ನೋಡಬೇಡಿ, ಹಿಂಡಿದರೆ ಎಲ್ಲವೂ ಗಂಟಿನಂತೆಯೇ ಸಿಗುತ್ತದೆ. ಕಂಕುಳ ಕಡೆಯ ಮೇಲ್ಭಾಗ ಬಿಡಲೇಬೇಡಿ, ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಅಲ್ಲೇ. ಎದೆಯ ಕೆಳಗಿನ ಮಡಿಕೆಯಲ್ಲಿ ದಿಂಡಿನಂತೆ ಸಿಗುವುದು ಎರಡೂ ಕಡೆ ಒಂದೇ ಥರ ಇದ್ದರೆ ಸಹಜ.

ಇದೊಂದನ್ನೇ ನಂಬಿ ಕೂರುವಂತಿಲ್ಲ. 30ರಿಂದ 65 ವರ್ಷದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ 5 ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಉಚಿತ. ಆಶಾ ಅಕ್ಕ ಫಾರಂ ತುಂಬಲು ಮನೆಗೆ ಬಂದಾಗಲೇ ದಿನ ಕೇಳಿಟ್ಟುಕೊಳ್ಳಿ. ಮುಂಬೈಯಲ್ಲಿ ಟಾಟಾ ಆಸ್ಪತ್ರೆಯವರು 20 ವರ್ಷ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೆ ಪರೀಕ್ಷಿಸಿದ 50 ದಾಟಿದ ಹೆಂಗಸರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು.

ಗಂಟು ಸಿಕ್ಕಮೇಲೆ ತಡವಾಗುವುದು ಹೆಚ್ಚಾಗಿ ಮನೆಯಲ್ಲೇ. ಎಣ್ಣೆ ಹಚ್ಚಿ ತಿಕ್ಕುವುದು, ಪಟ್ಟು ಹಾಕುವುದು, ಶೇಂಗಾ ಕೀಳುವುದು ಮುಗಿಯಲಿ, ಮೆಕ್ಕೆಜೋಳ ಮನೆಗೆ ಬರಲಿ ಎಂದು ಕಾಯುವುದು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಿಲ್ಲ, ಆದರೆ ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಹಾಗಾಗಿ ಒಂದೇ ಓಡಾಟದಲ್ಲಿ ಕೆಲಸ ಆಗುವಂತೆ ಹೋಗಿ. ಆಧಾರ್, ರೇಷನ್ ಕಾರ್ಡ್, ಹಳೇ ಚೀಟಿಗಳು ಕೈಯಲ್ಲಿರಲಿ. ಬಾಣಂತಿ ಎದೆಯಲ್ಲಿ ಹಾಲು ಕಟ್ಟಿದ ಗಂಟು ಕೂಡ ಎರಡು ವಾರದಲ್ಲಿ ಕರಗದಿದ್ದರೆ ತೋರಿಸಿ.

ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ. ಚೀಟಿ ಮಾಡಿಸುವಾಗ ಸರ್ಜರಿ ವಿಭಾಗ ಎನ್ನಿ. ಹೆರಿಗೆ ವಿಭಾಗದ ಸಾಲಿನಲ್ಲಿ ನಿಂತು ಅರ್ಧ ದಿನ ಕಳೆದವರು ಬಹಳ. ಗಂಡಸು ಡಾಕ್ಟರಾದರೆ ‘ಸಿಸ್ಟರ್ ಜೊತೆಗಿರಲಿ ಸಾರ್’ ಎಂದು ಕೇಳಿ, ಅದು ನಿಮ್ಮ ಹಕ್ಕು. ರವಿಕೆ ಬಿಚ್ಚಲು ಸುಲಭ ಎಂದು ಸೀರೆ ಉಟ್ಟೋ ಮುಂದೆ ಗುಂಡಿಯಿರುವ ಅಂಗಿ ಹಾಕಿಯೋ ಹೋಗಿ. ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಇದ್ದ ದಿನ ಎದೆಗೆ, ಕಂಕುಳಿಗೆ ಪೌಡರ್ ಬೇಡ, ಅದು ಚಿತ್ರದಲ್ಲಿ ಚುಕ್ಕೆಯಾಗಿ ಕಾಣಬಹುದು.

ವಯಸ್ಸು ಚಿಕ್ಕದಾದರೆ ಸಾಮಾನ್ಯವಾಗಿ ಮೊದಲು ಸ್ಕ್ಯಾನಿಂಗ್, 40 ದಾಟಿದರೆ ಮ್ಯಾಮೊಗ್ರಾಂ ಕೂಡ, ಅನುಮಾನ ಉಳಿದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು, ಆ ಮಾತು ಕೇಳಿ ವಾಪಸ್ ಬರಬೇಡಿ. ಮ್ಯಾಮೊಗ್ರಾಂ ಚೆನ್ನಾಗಿದ್ದರೂ ಕೈಗೆ ಗಂಟು ಸಿಗುತ್ತಿದ್ದರೆ ಡಾಕ್ಟರಿಗೆ ಮತ್ತೆ ಹೇಳಿ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಗಂಟು ತೆಗೆಸಿದ್ದರೆ, ಅದನ್ನು ಪರೀಕ್ಷೆಗೆ ಕಳಿಸಿದ ಪೆಥಾಲಜಿ ವರದಿ ಕೇಳಿ ಇಸ್ಕೊಳ್ಳಿ. ‘ಏನಿಲ್ಲಮ್ಮ, ತೆಗೆದಾಯ್ತು’ ಎಂಬ ಬಾಯಿಮಾತು ಸಾಲದು.