ನನ್ನ ದನಿ ಒಡೆದ ಬೇಸಿಗೆ

2016ರ ಏಪ್ರಿಲ್. ಒಂಬತ್ತನೇ ಕ್ಲಾಸಿಗೆ ಹೋಗುವ ಮುಂಚಿನ ರಜೆ. ನನಗೆ ಆಗ 14 ವರ್ಷ. ಮೈಸೂರಿನ ನಾಟಕ ಸಂಸ್ಥೆ ರಂಗಾಯಣ ಬೇಸಿಗೆಯಲ್ಲಿ ಮಾಡುವ ಮಕ್ಕಳ ಶಿಬಿರ ಚಿಣ್ಣರ ಮೇಳಕ್ಕೆ ಸೇರಲು ಅದೇ ನನಗಿದ್ದ ಕೊನೆಯ ಅವಕಾಶ. ಇನ್ನೊಂದು ವರ್ಷ ಕಳೆದರೆ ವಯಸ್ಸು ಮೀರಿಬಿಡುತ್ತಿತ್ತು. ನಮ್ಮೂರು ನಂಜನಗೂಡು. ಬಿಸಿಲಲ್ಲಿ ದಿನಾ ಬಸ್ಸು ಹತ್ತಿ ಇಳಿಯುವುದು ಬೇಡ ಅಂತ ಅಪ್ಪ ನನ್ನನ್ನು ಸರಸ್ವತೀಪುರಂನಲ್ಲಿರುವ ಚಿಕ್ಕಮ್ಮನ ಮನೆಗೆ ಬಿಟ್ಟು ಬಂದರು. ಅಲ್ಲಿಂದ ರಂಗಾಯಣ ಇರುವ ಕಲಾಮಂದಿರದ ಆವರಣಕ್ಕೆ ನಡೆದೇ ಹೋಗಬಹುದು.

ನಾನು ಹೋಗಿದ್ದು ಹಾಡಲಿಕ್ಕೆ. ಶಾಲೆಯ ಪ್ರಾರ್ಥನೆ, ಗಣೇಶನ ಹಬ್ಬ, ಬೀದಿಯ ರಾಜ್ಯೋತ್ಸವ, ಎಲ್ಲ ಕಡೆ ಮೈಕು ನನ್ನ ಕೈಗೇ ಬರುತ್ತಿತ್ತು. ಹಾರ್ಮೋನಿಯಂನ ಐದನೇ ಬಿಳಿ ಮನೆಯ, ಅಂದರೆ ಬಿಳಿ ಐದರ ಶ್ರುತಿಗೆ ನಿಂತು, ಮೇಲಿನ ಸ್ಥಾಯಿಯ ಸ್ವರಗಳನ್ನು ಸಲೀಸಾಗಿ ಹಿಡಿಯುತ್ತಿದ್ದೆ. ನಾನು ಅಂದರೆ ಆ ದನಿ, ಆ ದನಿ ಅಂದರೆ ನಾನು. ಮನೆಯವರಿಗೂ ಹಾಗೇ, ನನಗೂ ಹಾಗೇ.

ಶಿಬಿರದ ದಿನ ಬೆಳಿಗ್ಗೆ ಎಲ್ಲರೂ ಗುಂಡಗೆ ನಿಂತು ಹಾಡುವುದರಿಂದ ಶುರುವಾಗುತ್ತಿತ್ತು. ಆಮೇಲೆ ಮೈ ಸಡಿಲ ಮಾಡುವ ಆಟಗಳು. ಇಲ್ಲದ ಹಗ್ಗ ಹಿಡಿದು ಎಳೆದಾಡುವುದು, ಒಬ್ಬರು ಕನ್ನಡಿ ಇನ್ನೊಬ್ಬರು ಮುಖ ಆಗಿ ಎದುರುಬದುರು ನಿಲ್ಲುವುದು, ಇಂಥವು. ಊಟಕ್ಕೆ ಮರದ ಕೆಳಗೆ ಡಬ್ಬಿ ಬಿಚ್ಚುತ್ತಿದ್ದೆವು. ಮಧ್ಯಾಹ್ನ ಮುಖವಾಡ ಮಾಡುವುದು, ಕಂಸಾಳೆ, ಆಮೇಲೆ ನಾಟಕದ ತಾಲೀಮು. ಕಂಸಾಳೆ ನನಗೆ ಹೊಸದಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗುವ ನಮ್ಮ ಕಡೆಯವರ ಕೈಯಲ್ಲಿ ನೋಡುತ್ತಲೇ ಬೆಳೆದಿದ್ದೆ. ಆದರೆ ಎಡಗೈಯ ಬಟ್ಟಲನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬಲಗೈಯ ತಾಳವನ್ನು ಅದರ ಮೇಲೆ ಬಡಿದಾಗ ಮೊಣಕೈವರೆಗೂ ಜುಂ ಅನ್ನುತ್ತದೆ ಅಂತ ಗೊತ್ತಾಗಿದ್ದು ಅಲ್ಲಿ.

ಹದಿಮೂರು ಹದಿನಾಲ್ಕರ ವಯಸ್ಸಿನವರು ನಾವು ಏಳೆಂಟು ಜನ ಇದ್ದೆವು. ಚಿಕ್ಕ ಮಕ್ಕಳು ನಮ್ಮನ್ನು ಅಣ್ಣ, ಅಕ್ಕ ಅನ್ನುತ್ತಿದ್ದರು. ಕಲಿಸುವವರಿಗೆ ನಾವೂ ಮಕ್ಕಳೇ. ಕೈ ಕೈ ಹಿಡಿದು ಗುಂಡಗೆ ನಿಲ್ಲಿ ಅಂದರೆ ಎಂಟು ವರ್ಷದವರು ಫಟ್ ಅಂತ ಹಿಡಿದುಬಿಡುತ್ತಿದ್ದರು. ನಾವು ಮಾತ್ರ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಸರಿದು, ನಡುವೆ ಒಬ್ಬ ಚಿಕ್ಕ ಹುಡುಗನನ್ನು ನಿಲ್ಲಿಸಿಕೊಳ್ಳುತ್ತಿದ್ದೆವು. ಆ ವಯಸ್ಸಲ್ಲಿ ಮೈಯೇ ನಮ್ಮ ಮಾತು ಕೇಳುವುದಿಲ್ಲ. ಆರು ತಿಂಗಳಲ್ಲಿ ನನ್ನ ಕಾಲು ಉದ್ದವಾಗಿತ್ತು, ಹಳೇ ಪ್ಯಾಂಟು ಮೋಟಾಗಿತ್ತು. ದನಿಗೂ ಅದೇ ಆಗಲಿದೆ ಅಂತ ಮಾತ್ರ ನನಗೆ ಹೊಳೆದಿರಲಿಲ್ಲ.

ನಮ್ಮ ಗುಂಪಿನ ನಾಟಕವನ್ನು ನಾವೇ ಕಟ್ಟಿದ್ದೆವು. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ, ಅರ್ಧ ಗಂಟೆ ಮಾತಾಡದೆ ಕೂತು ಹಕ್ಕಿಗಳನ್ನು ನೋಡಿ ಅಂದರು. ಹೆಜ್ಜಾರ್ಲೆ ಕೊಕ್ಕಿನ ಕೆಳಗಿನ ಚೀಲವನ್ನು ನೀರಿಗಿಳಿಸಿ ಮೀನು ಬಾಚುವುದು, ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ಒಣಗಿಸಿಕೊಳ್ಳುವುದು ನೋಡಿದೆವು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಇದು ಅಂತ ಹೇಳಿದರು. ವಾಪಸ್ ಬಂದು ಹಕ್ಕಿಗಳ ಹಾಗೆ ನಡೆದೆವು. ಅದರಿಂದಲೇ ಕಥೆ ಹುಟ್ಟಿತು. ಒಂದೂರಿನ ಕೆರೆ ಬತ್ತುತ್ತದೆ, ಹಕ್ಕಿಗಳು ಹೊರಟು ಹೋಗುತ್ತವೆ, ಊರಿನ ಮಕ್ಕಳು ಅವನ್ನು ಹುಡುಕಿಕೊಂಡು ಹೊರಡುತ್ತಾರೆ. ಕೆರೆಗೂ ಒಂದು ಪಾತ್ರ. ಅದಕ್ಕೆ ಮಾತಿಲ್ಲ, ಹಾಡು ಮಾತ್ರ.

ತುಂಬಿದ ಕೆರೆ ನಾನು, ಬಾರೋ ಹಕ್ಕಿ,
ನೀರ ಕನ್ನಡಿಯಲ್ಲಿ ಮುಖ ನೋಡು ಹಕ್ಕಿ.

ಕೆರೆ ನಾನೇ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಒಂಬತ್ತೋ ಹತ್ತನೆಯದೋ ದಿನ ಅದು. ಬೆಳಗಿನಿಂದ ಗಂಟಲಲ್ಲಿ ಏನೋ ಕೂತಂತಿತ್ತು. ಹಿಂದಿನ ಮೂರು ದಿನ ಬಯಲಲ್ಲಿ ತಾಲೀಮು ಮಾಡುವಾಗ ಕೊನೆಯ ಸಾಲಿಗೆ ಕೇಳಿಸಲಿ ಅಂತ ಗಂಟಲು ಹರಿಯುವ ಹಾಗೆ ಕೂಗಿದ್ದೆ. 'ಬಾರೋ' ಅನ್ನುವಲ್ಲಿ ಸ್ವರ ಮೇಲೆ ಹೋಗಬೇಕು. ಹೋಯಿತು, ಅಲ್ಲೇ ಎರಡಾಗಿ ಸೀಳಿತು. ಒಂದು ಎಳೆ ಕೀಚಲು, ಒಂದು ಎಳೆ ಗೊಗ್ಗರು. ಚಿಕ್ಕ ಮಕ್ಕಳು ನಕ್ಕರು. ಅವರ ತಪ್ಪಲ್ಲ, ನಗು ಬರುವಂತೆಯೇ ಇತ್ತು. ಮತ್ತೆ ಹಾಡಿದೆ, ಮತ್ತೆ ಸೀಳಿತು. ಮೂರನೇ ಸಲ ಬಾಯಿ ತೆರೆಯಲಿಲ್ಲ. ಅಲ್ಲಿನ ಬಯಲು ರಂಗಮಂದಿರ ವನರಂಗದ ಮೆಟ್ಟಿಲ ತುದಿಗೆ ಹೋಗಿ, ಯಾರಿಗೂ ಕಾಣದ ಹಾಗೆ ಕೂತು ಅತ್ತೆ.

ಅಳುವಿಗೆ ಹಳೆಯ ಕಾರಣವೂ ಇತ್ತು. ಪರೀಕ್ಷೆಗೆ ಮುಂಚೆ ಒಮ್ಮೆ ಶಾಲೆಯಲ್ಲಿ ಹೀಗೇ ಆದಾಗ ಒಬ್ಬ ಟೀಚರ್, 'ನಿನ್ನ ಗಂಟಲು ಹೋಯ್ತು ಬಿಡು, ಇನ್ನು ಓದಿನ ಕಡೆ ಗಮನ ಕೊಡು' ಅಂದಿದ್ದರು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹಾಡಿನ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಸಮಾಧಾನದ ಮಾತೇನೂ ಆಡಲಿಲ್ಲ. ಏನಾಗುತ್ತಿದೆ ಅಂತ ಬಿಡಿಸಿ ಹೇಳಿದರು. ಈ ವಯಸ್ಸಲ್ಲಿ ಗಂಟಲಿನ ದನಿಪೆಟ್ಟಿಗೆ ದೊಡ್ಡದಾಗುತ್ತದೆ, ಒಳಗಿನ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಹುಡುಗರ ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಮುಗಿಯುತ್ತದೆ, ಕೆಲವರಿಗೆ ವರ್ಷ ದಾಟುತ್ತದೆ. 'ಹೋಗಿಲ್ಲ ಕಣೋ, ಮನೆ ಬದಲಾಯಿಸ್ತಾ ಇದೆ' ಅಂದರು. ಆಮೇಲೆ ಕಂಪನಿ ನಾಟಕದ ಕಾಲದ ಹುಡುಗರ ಮಾತು ತೆಗೆದರು. ಆಗ ಹುಡುಗರೇ ಹೆಣ್ಣು ಪಾತ್ರ ಮಾಡುತ್ತಿದ್ದರು. ದನಿ ಒಡೆದರೆ ಪಾತ್ರವೇ ಕೈಬಿಟ್ಟು ಹೋಗುವ ಭಯ. ರಂಗಾಯಣದ ಮೊದಲ ನಿರ್ದೇಶಕರಾದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಹೋಗಿ ಸೇರಿದ್ದು ಅಂಥದ್ದೇ ಒಂದು ಕಂಪನಿಯನ್ನು, ಗುಬ್ಬಿ ವೀರಣ್ಣನವರದ್ದನ್ನು. ಮುಂದೆ ಕಾಶಿಗೆ ಕಳಿಸಿ ಓದಿಸಿದವರೂ ವೀರಣ್ಣನವರೇ. ನಾನು ದಿನಾ ಓಡಾಡುವ ಜಾಗದ ಹಿಂದೆ ಇಂಥದ್ದೊಂದು ಹುಡುಗನ ಕಥೆ ಇದೆ ಅಂತ ಕೇಳಿ ಅಳು ನಿಂತಿತು.

ಮೂರು ದಿನ ಹಾಡು ಬಂದ್. ಕೂಗುವ ಹಾಗಿಲ್ಲ. ಪಿಸುಗುಟ್ಟುವ ಹಾಗೂ ಇಲ್ಲ, ಪಿಸುಮಾತಿನಲ್ಲೂ ಗಂಟಲು ಬಿಗಿಯುತ್ತದೆ ಅಂದರು. ಬೇಕಾದಷ್ಟೇ ಮಾತು, ಅದೂ ಮೆಲ್ಲಗೆ. ನೀರು ಜಾಸ್ತಿ ಕುಡಿಯಬೇಕು. ಆ ಮೂರು ದಿನ ನನ್ನನ್ನು ಸ್ಕ್ರಿಪ್ಟು ಕೈಗೆ ಕೊಟ್ಟು ಒಂದು ಪಕ್ಕ ಕೂರಿಸಿದರು. ಯಾರಾದರೂ ಸಾಲು ಮರೆತರೆ ಬೆರಳಲ್ಲಿ ತೋರಿಸುವ ಕೆಲಸ. ಮೊದಲ ದಿನ ಶಿಕ್ಷೆ ಅನ್ನಿಸಿತು. ಎರಡನೇ ದಿನದಿಂದ ನಾಟಕ ಕಾಣಿಸತೊಡಗಿತು. ಅಲ್ಲಿಯವರೆಗೆ ನನ್ನ ಹಾಡು ಯಾವಾಗ ಬರುತ್ತದೆ ಅಂತ ಕಾಯುವುದೇ ನನ್ನ ಕೆಲಸವಾಗಿತ್ತು. ನನ್ನ ಹಾಡಿಗೆ ಮುಂಚೆ ಹಕ್ಕಿ ಆಗಿದ್ದ ಪುಟ್ಟ ಹುಡುಗಿಯೊಬ್ಬಳು ರೆಕ್ಕೆ ಮಡಚಿ ನನ್ನ ಕಡೆಗೇ ನೋಡುತ್ತಾಳೆ ಅನ್ನುವುದನ್ನು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ಆ ದಿನಗಳಲ್ಲಿ ಮಾಡಿಸಿದ ಉಸಿರಿನ ಅಭ್ಯಾಸ ಇವತ್ತಿಗೂ ನನ್ನ ಜೊತೆಗಿದೆ. ನೆಲದ ಮೇಲೆ ಅಂಗಾತ ಮಲಗಬೇಕು. ಹೊಟ್ಟೆಯ ಮೇಲೆ ಒಂದು ನೋಟ್‌ಬುಕ್. ಉಸಿರು ಎಳೆದಾಗ ಪುಸ್ತಕ ಮೇಲೇಳಬೇಕು, ಎದೆ ಅಲುಗಬಾರದು, ಭುಜವಂತೂ ಏಳಲೇಬಾರದು. ಬಿಡುವಾಗ 'ಸ್' ಅನ್ನುತ್ತಾ ಒಂದೇ ಸಮ ಬಿಡಬೇಕು. ಮೊದಲ ಸಲ ಎಂಟು ಎಣಿಸುವಷ್ಟರಲ್ಲಿ ನನ್ನ ಉಸಿರು ಮುಗಿಯಿತು, ಕೊನೆಯಲ್ಲಿ ಪುಸ್ತಕ ದಡಕ್ಕನೆ ಕುಸಿಯಿತು. 'ಆ ದಡಕ್ಕನೆ ಬೀಳೋದೇ ನಿನ್ನ ಗಂಟಲಿಗೆ ಹೊರೆ' ಅಂದರು ಮೇಷ್ಟ್ರು. ಉಸಿರು ಹೊಟ್ಟೆಯಲ್ಲಿ ನಿಲ್ಲದಿದ್ದರೆ ಗಂಟಲು ಆ ಕೆಲಸ ಮಾಡಲು ಹೋಗಿ ಬಿಗಿಯುತ್ತದೆ. ಚಿಕ್ಕಮ್ಮನ ಮನೆಯ ಹಾಲಿನಲ್ಲಿ ರಾತ್ರಿ ಫ್ಯಾನ್ ಕೆಳಗೆ ಮಲಗಿ ಅದನ್ನೇ ಮಾಡುತ್ತಿದ್ದೆ. ಪುಸ್ತಕ ನಿಧಾನವಾಗಿ, ನೀರಲ್ಲಿ ತೇಲುವ ಎಲೆಯ ಹಾಗೆ ಇಳಿಯತೊಡಗಿದಾಗ ಎಣಿಕೆ ಇಪ್ಪತ್ತು ದಾಟಿತ್ತು.

ನಾಲ್ಕನೇ ದಿನ ಹಾರ್ಮೋನಿಯಂ ಮುಂದೆ ಕೂತೆವು. ಬಾಯಿ ಮುಚ್ಚಿ 'ಮ್' ಅನ್ನುತ್ತಾ ಮೇಲಿಂದ ಕೆಳಗೆ ಜಾರು ಅಂದರು. ಕೆಳಗಿನಿಂದ ಮೇಲಕ್ಕೆ ಬೇಡ. ಬಿಳಿ ಐದರಿಂದ ಒಂದೊಂದೇ ಮನೆ ಇಳಿಸುತ್ತಾ ಕಪ್ಪು ಒಂದಕ್ಕೆ ಬಂದು ನಿಲ್ಲಿಸಿದರು. ಅಲ್ಲಿ ನನ್ನ ದನಿ ಒಡೆಯಲಿಲ್ಲ. ಸ್ವಲ್ಪ ಗೊಗ್ಗರಾಗಿತ್ತು, ಅಂಚು ಒರಟಾಗಿತ್ತು, ಆದರೆ ನಿಂತಿತು. ಸಿಕ್ಕಿದ್ದು ಐದೇ ಸ್ವರ, ಷಡ್ಜದಿಂದ ಪಂಚಮದವರೆಗೆ. ಅದರ ಮೇಲೆ ಹೋದರೆ ಮತ್ತೆ ಸೀಳು. 'ಐದು ಸಾಕು' ಅಂದರು ಮೇಷ್ಟ್ರು. ಅಲ್ಲೇ ಕೂತು ಹಾಡಿನ ಧಾಟಿಯನ್ನು ಆ ಐದು ಸ್ವರಗಳೊಳಗೆ ಮಡಚಿ ಕೊಟ್ಟರು.

ಆದರೆ ತುಂಬಿದ ಕೆರೆಯ ಹಾಡು ಈಗ ನನ್ನದಲ್ಲ. ಅದನ್ನು ಹಕ್ಕಿಯಾಗಿದ್ದ ಆ ಹುಡುಗಿಗೆ ಕೊಟ್ಟರು. ಹತ್ತು ವರ್ಷದವಳು, ಗಾಜಿನ ಹಾಗೆ ದನಿ. ನನಗೆ ಹೊಟ್ಟೆಯುರಿ ಆಯಿತು, ಮುಚ್ಚಿಡುವುದಿಲ್ಲ. ನನಗೆ ಉಳಿದದ್ದು ಕೆರೆ ಬತ್ತಿದ ಮೇಲಿನ ದೃಶ್ಯ. ಅದೇ ಹಾಡು, ಒಂದೇ ಪದ ಬೇರೆ: 'ಬತ್ತಿದ ಕೆರೆ ನಾನು, ಬಾರೋ ಹಕ್ಕಿ.' ನಾನು ಮುಖ ಊದಿಸಿಕೊಂಡು, 'ಸರ್, ನನ್ನ ದನಿ ಚೆನ್ನಾಗಿಲ್ಲ' ಅಂದೆ. ಅವರು ಹಾರ್ಮೋನಿಯಂನ ತಿದಿ ನಿಲ್ಲಿಸಿ ನನ್ನನ್ನೇ ನೋಡಿದರು. 'ಇದು ಕಛೇರಿ ಅಲ್ಲ ಮಗ, ನಾಟಕ. ನೀರೆಲ್ಲ ಹೋದ ಮೇಲೆ ಕೆರೆಯ ದನಿ ನುಣ್ಣಗಿರುತ್ತಾ?'

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಬೆಳಿಗ್ಗೆ ಬೇಗ ಎದ್ದು ಒಬ್ಬನೇ ಕುಕ್ಕರಹಳ್ಳಿ ಏರಿಯ ಮೇಲೆ ಹೋದೆ. ಅಂಚಿನಲ್ಲಿ ನೀರು ಹಿಂದೆ ಸರಿದು ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ನೋಡುತ್ತಾ ಹಾಡಿದೆ. ವಾಕಿಂಗ್ ಬಂದವರು ತಿರುಗಿ ನೋಡಿ ಹೋದರು. 'ಬಾರೋ' ಅನ್ನುವಾಗ ಯಾರನ್ನು ಕರೆಯುತ್ತಿದ್ದೇನೆ ಅಂತ ಅವತ್ತು ಮೊದಲ ಸಲ ಯೋಚಿಸಿದೆ.

ಪ್ರದರ್ಶನ ಮೇ ತಿಂಗಳ ಒಂದು ಸಂಜೆ, ವನರಂಗದಲ್ಲಿ. ಮಧ್ಯಾಹ್ನ ಮಳೆ ಬಂದು ಹೋಗಿತ್ತು. ನಾವೇ ಬಟ್ಟೆ ಹಿಡಿದು ವೇದಿಕೆ ಒರೆಸಿದೆವು. ಕೆರೆ ಅಂದರೆ ಆರು ಜನ ಅಂಚು ಹಿಡಿದ ಒಂದು ಉದ್ದನೆಯ ನೀಲಿ ಬಟ್ಟೆ. ಬತ್ತುವ ದೃಶ್ಯದಲ್ಲಿ ಅದು ನಿಧಾನವಾಗಿ ಸುತ್ತಿಕೊಂಡು ಪಕ್ಕಕ್ಕೆ ಹೋಗುತ್ತದೆ, ಅದರಡಿಯಲ್ಲಿ ಕಂದು ಗೋಣಿ ಹೊದ್ದು ಕೂತಿದ್ದ ನಾನು ಕಾಣಿಸುತ್ತೇನೆ. ಹುಡುಗಿ ಹಾಡಿ ಮುಗಿಸಿ ನಿರ್ಗಮಿಸುವಾಗ ಕತ್ತಲಲ್ಲಿ ನನ್ನ ಭುಜ ಮುಟ್ಟಿ ಹೋದಳು. ತಾಲೀಮಿನಲ್ಲಿ ಅದು ಇರಲಿಲ್ಲ.

ಹೊಟ್ಟೆಗೆ ಉಸಿರು ತುಂಬಿಕೊಂಡೆ. ಶುರು ಮಾಡಿದೆ. ಎರಡನೇ 'ಹಕ್ಕಿ'ಯಲ್ಲಿ ದನಿ ಒಡೆಯಿತು. ಐದು ಸ್ವರದೊಳಗೇ ಒಡೆಯಿತು. ನಾನು ನಿಲ್ಲಿಸಲಿಲ್ಲ, ಆ ಬಿರುಕಿನ ಮೇಲೇ ಮುಂದಿನ ಸಾಲನ್ನು ಇಟ್ಟೆ. ಯಾರೂ ನಗಲಿಲ್ಲ. ಮುಂದಿನ ಸಾಲಲ್ಲಿ ಕೂತಿದ್ದ ಒಂದು ಮಗು ಮಾತ್ರ 'ಅಮ್ಮ, ಕೆರೆ ಅಳ್ತಾ ಇದೆ' ಅಂದಿದ್ದು ನನಗೆ ಚೆನ್ನಾಗಿ ಕೇಳಿಸಿತು.

ಈಗ ಬೇಸಿಗೆ ಬಂದರೆ ನಾನೂ ಶಿಬಿರಗಳಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡಲು ಹೋಗುತ್ತೇನೆ. ಗುಂಪಿನಲ್ಲಿ ಹಿಂದೆ ನಿಂತು ಬಾಯಿ ಮಾತ್ರ ಆಡಿಸುವ ಹದಿಮೂರು ಹದಿನಾಲ್ಕರ ಹುಡುಗರನ್ನು ಮೊದಲ ದಿನವೇ ಗುರುತು ಹಿಡಿಯುತ್ತೇನೆ. ಎಲ್ಲರೆದುರು ಒಬ್ಬೊಬ್ಬರನ್ನೇ ಹಾಡಿಸುವುದಿಲ್ಲ. ಪಕ್ಕಕ್ಕೆ ಕರೆದು, ಹಾರ್ಮೋನಿಯಂ ಇಟ್ಟುಕೊಂಡು, ಅವರಿಗೆ ಯಾವ ನಾಲ್ಕೈದು ಸ್ವರ ಸುಲಭವಾಗಿ ಬರುತ್ತದೆ ಅಂತ ಹುಡುಕುತ್ತೇನೆ. ಹಾಡನ್ನು ಅಲ್ಲಿಗೆ ತರುತ್ತೇನೆ. ವಾರಕ್ಕೊಮ್ಮೆ ಮತ್ತೆ ಹುಡುಕಬೇಕು, ಯಾಕೆಂದರೆ ಆ ಜಾಗ ಬದಲಾಗುತ್ತಲೇ ಇರುತ್ತದೆ. 'ಗಟ್ಟಿಯಾಗಿ ಹಾಡು' ಅನ್ನುವ ಮಾತನ್ನು ಆ ವಯಸ್ಸಿನವರಿಗೆ ನಾನು ಹೇಳುವುದೇ ಇಲ್ಲ.

ಆ ವರ್ಷ ಶಿಬಿರ ಮುಗಿದ ಮಾರನೇ ದಿನ ಊರಿಗೆ ಬಂದೆ. ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ ಉಳಿದಿತ್ತು, ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿದರೂ ಹೋಗಿರಲಿಲ್ಲ. ಅಜ್ಜಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿ ಕಾಯುತ್ತಾ ಕೂತಿತ್ತು. 'ಏನು ಕಲ್ತುಕೊಂಡು ಬಂದೆ, ಹಾಡು ನೋಡೋಣ' ಅಂತು. ಕಪ್ಪು ಒಂದರ ಶ್ರುತಿಯನ್ನು ಅಂದಾಜಿನಲ್ಲಿ ಹಿಡಿದು ಬತ್ತಿದ ಕೆರೆಯ ಹಾಡು ಹೇಳಿದೆ. ಅಜ್ಜಿ ಕೋಲು ಕೆಳಗಿಟ್ಟು ಕೇಳಿತು. ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ಇತ್ತು.

'ನಿಮ್ ತಾತಂದೂ ಹಿಂಗೇ ಇತ್ತು ಗಂಟ್ಲು' ಅಂತು. 'ಇನ್ನೊಂದ್ಸಲಿ ಹೇಳು ಮಗ. ಆ ಕಡೆ ಕಾಗೆ ಬಂದದೆ, ನೋಡ್ಕೊಂಡು ಹೇಳು.'