ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ರೈಲು ಹಿಡಿಯುವುದು: ನನ್ನ ಅನುಭವ

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ರೈಲು ನಿಲ್ದಾಣ ಒಂದಲ್ಲ, ಎರಡು. ಬೆಂಗಳೂರಿನಿಂದ ಮೊದಲ ಸಲ ಹೋಗುವವರಿಗೆ ನಾನು ಹೇಳುವ ಮೊದಲ ಮಾತೇ ಇದು. ವಾಲ್‌ಡಾರ್ಫ್‌ಗೋ ಸ್ಟುಟ್‌ಗಾರ್ಟ್‌ಗೋ ಕೆಲಸದ ಮೇಲೆ ಹೊರಡುವವರು ವೀಸಾ, ವಿಮೆ, ಹೋಟೆಲು ಎಲ್ಲವನ್ನೂ ತಿಂಗಳ ಮುಂಚೆ ನೋಡಿಕೊಂಡಿರುತ್ತಾರೆ. ಇಳಿದ ಮೇಲಿನ ನೂರಿನ್ನೂರು ಕಿಲೋಮೀಟರನ್ನು ಮಾತ್ರ ‘ಅಲ್ಲಿ ಹೋಗಿ ನೋಡೋಣ’ ಎಂದು ಬಿಟ್ಟಿರುತ್ತಾರೆ. ದೇವನಹಳ್ಳಿಯಲ್ಲಾದರೆ ಅದು ನಡೆದೀತು. ಹೊರಗೆ ಬಂದರೆ ವಾಯುವಜ್ರ ನಿಂತಿರುತ್ತದೆ, ಹತ್ತಿ ಕೂತ ಮೇಲೆ ಟಿಕೆಟ್ ತೆಗೆದುಕೊಂಡರಾಯಿತು. ಫ್ರಾಂಕ್‌ಫರ್ಟ್‌ನಲ್ಲಿ ಆಮೇಲಿನ ದಾರಿ ಸುಗಮವೋ ದುಬಾರಿಯೋ ಅನ್ನುವುದು ಬೆಂಗಳೂರಿನಲ್ಲಿ ಟಿಕೆಟ್ ಕೊಳ್ಳುವಾಗಲೇ ತೀರ್ಮಾನವಾಗಿಬಿಡುತ್ತದೆ.

ನಿಲ್ದಾಣದ ವಿಷಯ ಮೊದಲು ಮುಗಿಸುತ್ತೇನೆ. ಟರ್ಮಿನಲ್ 1ರ ನೆಲದಡಿಯಲ್ಲಿ ಇರುವುದು ರೆಗಿಯೊನಾಲ್‌ಬಾನ್‌ಹೋಫ್. ಇಲ್ಲಿ 1ರಿಂದ 3ರವರೆಗಿನ ಪ್ಲಾಟ್‌ಫಾರ್ಮ್‌ಗಳು, ಊರಿನ ಸುತ್ತಮುತ್ತಲ ರೈಲುಗಳು. ಟರ್ಮಿನಲ್‌ನಿಂದ ರಸ್ತೆ ದಾಟಿಸುವ ಸೇತುವೆಯ ಆಚೆಗೆ ಇರುವುದು ಫೆರ್ನ್‌ಬಾನ್‌ಹೋಫ್, 1999ರಲ್ಲಿ ಶುರುವಾದದ್ದು. ಅಲ್ಲಿ 4ರಿಂದ 7, ದೂರದ ಊರಿಗೆ ಹೋಗುವ ಐಸಿಇ ರೈಲುಗಳು. ಜರ್ಮನ್ ರೈಲ್ವೆಯ ‘ಡಿಬಿ ನಾವಿಗೇಟರ್’ ಆ್ಯಪ್‌ನಲ್ಲಿ ‘ಫ್ರಾಂಕ್‌ಫರ್ಟ್ ಫ್ಲೂಗ್‌ಹಾಫೆನ್’ ಎಂದು ಹೊಡೆದಾಗ ಎರಡೂ ಹೆಸರು ಒಂದರ ಕೆಳಗೊಂದು ಬರುತ್ತವೆ. ವ್ಯತ್ಯಾಸ ಇರುವುದು ಬಾಲದಲ್ಲಿ ಮಾತ್ರ: ಒಂದಕ್ಕೆ ‘ಫೆರ್ನ್’, ಇನ್ನೊಂದಕ್ಕೆ ‘ರೆಗಿಯೊನಾಲ್’. ಪ್ಲಾಟ್‌ಫಾರ್ಮ್ ಸಂಖ್ಯೆ 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೇತುವೆ ದಾಟಬೇಕು, ಕಡಿಮೆಯಿದ್ದರೆ ಕೆಳಗಿಳಿಯಬೇಕು. ಇಷ್ಟು ನೆನಪಿದ್ದರೆ ಪೆಟ್ಟಿಗೆ ಎಳೆದುಕೊಂಡು ಹೋದ ದಾರಿಯಲ್ಲೇ ವಾಪಸ್ ಬರುವ ಪ್ರಮೇಯವಿಲ್ಲ. ವಿಮಾನ ಬೇರೆ ಟರ್ಮಿನಲ್‌ನಲ್ಲಿ ಇಳಿಸಿದರೂ ರೈಲಿಗಾಗಿ ಟರ್ಮಿನಲ್ 1ಕ್ಕೇ ಬರಬೇಕು. ಅದಕ್ಕೆ ನಾನು ಇನ್ನೂ 20 ನಿಮಿಷ ಸೇರಿಸಿಕೊಳ್ಳುತ್ತೇನೆ.

ಈಗ ಟಿಕೆಟ್. ಜರ್ಮನಿಯ ದೂರದ ರೈಲಿನಲ್ಲಿ ಒಂದೇ ಪ್ರಯಾಣಕ್ಕೆ ಮೂರು ಬಗೆಯ ದರ. ಎಲ್ಲಕ್ಕಿಂತ ಅಗ್ಗದ್ದು ಸೂಪರ್ ಶ್ಪಾರ್‌ಪ್ರೈಸ್, ನಂತರ ಶ್ಪಾರ್‌ಪ್ರೈಸ್, ಎಲ್ಲಕ್ಕಿಂತ ದುಬಾರಿ ಫ್ಲೆಕ್ಸ್‌ಪ್ರೈಸ್. ಮೊದಲ ಎರಡರಲ್ಲಿ ‘ತ್ಸೂಗ್‌ಬಿಂಡುಂಗ್’ ಎಂಬ ಕಟ್ಟು ಇರುತ್ತದೆ, ಅಂದರೆ ಟಿಕೆಟ್ಟಿನಲ್ಲಿ ಬರೆದ ರೈಲಿಗೆ ಮಾತ್ರ ಅದು ಚಾಲ್ತಿ. ನಮ್ಮವರು ಎಡವುವುದು ಇಲ್ಲೇ. ರೈಲು ತಡವಾಗಿ, ಇಳಿಯುವ ಊರಿಗೆ 20 ನಿಮಿಷ ಅಥವಾ ಅದಕ್ಕಿಂತ ತಡವಾಗಿ ತಲುಪುತ್ತದೆ ಎಂದಾದರೆ ಆ ಕಟ್ಟು ಬಿಚ್ಚಿಕೊಳ್ಳುತ್ತದೆ, ಬೇರೆ ರೈಲು ಹತ್ತಬಹುದು. ಆದರೆ ವಿಮಾನ ತಡವಾದರೆ ಬಿಚ್ಚಿಕೊಳ್ಳುವುದಿಲ್ಲ. ರೈಲಿನವರ ಲೆಕ್ಕದಲ್ಲಿ ರೈಲು ಸಮಯಕ್ಕೇ ಹೊರಟಿದೆ, ನೀವು ಬರಲಿಲ್ಲ, ಅಷ್ಟೆ. ಸೂಪರ್ ಶ್ಪಾರ್‌ಪ್ರೈಸ್‌ನಲ್ಲಿ ಹಣವೂ ವಾಪಸ್ ಬರುವುದಿಲ್ಲ. ಒಂದು ತಿಂಗಳ ಮುಂಚೆ ಅಗ್ಗಕ್ಕೆ ಸಿಕ್ಕಿತೆಂದು ಇಳಿದ ಒಂದೂವರೆ ಗಂಟೆಗೆ ಹೊರಡುವ ರೈಲನ್ನು ಕಾದಿರಿಸಿದವರು ಹೆಚ್ಚಿನ ಸಲ ಎರಡನೇ ಟಿಕೆಟ್ ಕೊಳ್ಳುತ್ತಾರೆ, ಅದೂ ಆ ದಿನದ ದರದಲ್ಲಿ.

ನನ್ನ ಲೆಕ್ಕ ಹೀಗೆ. ಚಕ್ರ ನೆಲ ಮುಟ್ಟಿದ ಮೇಲೆ ಬಾಗಿಲಿನಿಂದ ಹೊರಬರಲು 15 ನಿಮಿಷ. ಪಾಸ್‌ಪೋರ್ಟ್ ಸಾಲಿಗೆ 30ರಿಂದ 75. ಪೆಟ್ಟಿಗೆಗೆ 20. ಅಲ್ಲಿಂದ ಫೆರ್ನ್‌ಬಾನ್‌ಹೋಫ್‌ಗೆ ಸಾಮಾನು ಎಳೆದುಕೊಂಡು 15. ಸಾಲು ಉದ್ದವಿದ್ದರೆ ಎಲ್ಲ ಕೂಡಿ ಎರಡು ಗಂಟೆಯ ಹತ್ತಿರ. ಪಾಸ್‌ಪೋರ್ಟ್ ಸಾಲಿನ ಅಂದಾಜು ಇಷ್ಟು ಅಗಲವಾಗಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 12ರಿಂದ ಶೆಂಗೆನ್ (ಒಂದೇ ವೀಸಾದ ಯುರೋಪ್ ದೇಶಗಳ) ಗಡಿಯಲ್ಲಿ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಬಂದಿದೆ. ಪ್ರವಾಸ ಅಥವಾ ಬಿಸಿನೆಸ್ ವೀಸಾದ ಮೇಲೆ ಮೊದಲ ಸಲ ಬರುವವರ ಮುಖದ ಫೋಟೊ ಅಲ್ಲೇ ದಾಖಲಾಗಬೇಕು. ಬೆರಳಚ್ಚು ವೀಸಾ ಅರ್ಜಿಯ ಹೊತ್ತಿಗೇ ದಾಖಲಾಗಿರುತ್ತದೆ, ಅದನ್ನು ಮತ್ತೆ ದಾಖಲಿಸುವುದಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಜರ್ಮನಿಯ ದೀರ್ಘಾವಧಿ ವೀಸಾ ಅಥವಾ ವಾಸದ ಪರವಾನಗಿ ಇರುವವರು ಈ ದಾಖಲಾತಿಗೆ ಒಳಪಡುವುದಿಲ್ಲ. ನಮ್ಮ ವಿಮಾನದ ಜೊತೆಗೇ ಇನ್ನೆರಡು ದೊಡ್ಡ ವಿಮಾನ ಇಳಿದಿದ್ದರೆ 75 ನಿಮಿಷವೂ ಹೆಚ್ಚಲ್ಲ.

ಹಾಗಾಗಿ ನಾನು ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತೇನೆ. ವಿಮಾನದ ಟಿಕೆಟ್ ಜೊತೆಯಲ್ಲೇ ರೈಲನ್ನೂ ಸೇರಿಸಲು ಆಗುವುದಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಇದರಲ್ಲೂ ಎರಡು ಬಗೆ. ರೈಲ್ ಆ್ಯಂಡ್ ಫ್ಲೈ ಆದರೆ ನಿರ್ದಿಷ್ಟ ರೈಲಿನ ಕಟ್ಟಿಲ್ಲ; ಇಳಿದ ದಿನ ಅಥವಾ ಮಾರನೆಯ ದಿನ ಹೋಗಬಹುದು. ಆದರೆ ವಿಮಾನ ಕಂಪನಿ ಕೊಡುವ ಪಿಕ್‌ಅಪ್ ಕೋಡ್ ರೈಲಿನ ಟಿಕೆಟ್ ಅಲ್ಲ. ಅದನ್ನು ಆನ್‌ಲೈನ್‌ನಲ್ಲಿ ಟಿಕೆಟ್ಟಾಗಿ ಬದಲಾಯಿಸಿಕೊಂಡೇ ಹತ್ತಬೇಕು. ನಾನು ಇದನ್ನು ಮನೆಯಲ್ಲೇ ಮುಗಿಸಿ ಪಿಡಿಎಫ್ ಫೋನಿನಲ್ಲಿ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಲುಫ್ತಾನ್ಸಾ ಎಕ್ಸ್‌ಪ್ರೆಸ್ ರೈಲ್. ಇಲ್ಲಿ ರೈಲಿಗೂ ವಿಮಾನದ ಹಾಗೆ ಎಲ್‌ಎಚ್ ಸಂಖ್ಯೆ ಇರುತ್ತದೆ, ಊರಿಗೂ ವಿಮಾನ ನಿಲ್ದಾಣದ ಹಾಗೆ ಮೂರಕ್ಷರದ ಸಂಕೇತ: ಕೊಲೋನ್‌ಗೆ ಕ್ಯೂಕೆಎಲ್, ಸ್ಟುಟ್‌ಗಾರ್ಟ್‌ಗೆ ಝಡ್‌ಡಬ್ಲ್ಯುಎಸ್. ವಿಮಾನ ತಡವಾಗಿ ರೈಲು ತಪ್ಪಿದರೆ ಮುಂದಿನದಕ್ಕೆ ಅವರೇ ಬದಲಾಯಿಸಿ ಕೊಡುತ್ತಾರೆ. ಒಂದು ಎಚ್ಚರಿಕೆ: ಇದು ವಿಮಾನ ಪ್ರಯಾಣದ ಭಾಗವೇ. ವಾಪಸ್ ಬರುವಾಗ ‘ಗೆಳೆಯರ ಕಾರಿನಲ್ಲಿ ಏರ್‌ಪೋರ್ಟ್‌ಗೆ ಬರ್ತೀನಿ’ ಎಂದು ಹೇಳದೆ ರೈಲು ಬಿಟ್ಟರೆ ಬೆಂಗಳೂರಿನ ವಿಮಾನದ ಬುಕಿಂಗ್‌ಗೇ ತೊಂದರೆ ಆಗಬಹುದು. ಮೊದಲೇ ವಿಮಾನ ಕಂಪನಿಗೆ ತಿಳಿಸಿ.

ಎರಡನೆಯದು ಫ್ಲೆಕ್ಸ್‌ಪ್ರೈಸ್. ಖರ್ಚು ಆಫೀಸಿನದಾದರೆ ಯೋಚನೆಯೇ ಬೇಡ.

ಮೂರನೆಯದು ಸ್ವಂತ ಖರ್ಚಿನಲ್ಲಿ ಹೋಗುವಾಗ ನಾನು ಮಾಡುವುದು: ಮುಂಚೆ ಏನನ್ನೂ ಕೊಳ್ಳುವುದಿಲ್ಲ. ಅಗ್ಗದ ದರಗಳು ಕೋಟಾ ಇರುವವರೆಗೆ ರೈಲು ಹೊರಡುವ ಸ್ವಲ್ಪ ಮುಂಚಿನವರೆಗೂ ಸಿಗುತ್ತವೆ. ಪೆಟ್ಟಿಗೆ ಕೈಗೆ ಬಂದ ಮೇಲೆ ನಿಲ್ದಾಣದ ಉಚಿತ ವೈಫೈನಲ್ಲಿ ಡಿಬಿ ನಾವಿಗೇಟರ್ ತೆರೆದು, 30 ನಿಮಿಷದಾಚೆಗೆ ಹೊರಡುವ ರೈಲಿಗೆ ಆ ಹೊತ್ತಿನ ಅಗ್ಗದ ಟಿಕೆಟ್ ತೆಗೆದುಕೊಳ್ಳುತ್ತೇನೆ. ಸೋಮವಾರ ಬೆಳಿಗ್ಗೆ, ಶುಕ್ರವಾರ ಮಧ್ಯಾಹ್ನ ಕೋಟಾ ಬೇಗ ಮುಗಿಯುತ್ತದೆ, ಆ ದಿನಗಳಲ್ಲಿ ಇದನ್ನು ನಂಬಿಕೊಳ್ಳಬೇಡಿ.

ಇದು ಕೈಗೂಡಬೇಕಾದರೆ ಕಾರ್ಡು ತಯಾರಿರಬೇಕು. ಯುಪಿಐ ಅಲ್ಲಿ ನಡೆಯದು. ಆರ್‌ಬಿಐ ನಿಯಮದಂತೆ ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ತಾನಾಗಿ ಚಾಲೂ ಇರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂಗಡಿ, ಆನ್‌ಲೈನ್, ಕಾಂಟ್ಯಾಕ್ಟ್‌ಲೆಸ್ ಮೂರನ್ನೂ ಬೇರೆ ಬೇರೆಯಾಗಿ ಚಾಲೂ ಮಾಡಬೇಕು. ಒಂದನ್ನು ಮಾಡಿ ಮಿಕ್ಕದ್ದು ಮರೆತರೆ ಯಂತ್ರ ಕಾರ್ಡು ಒಪ್ಪುತ್ತದೆ, ಆ್ಯಪ್ ಒಪ್ಪುವುದಿಲ್ಲ, ಕಾರಣ ಏನೆಂದು ತಿಳಿಯುವುದಿಲ್ಲ. ಆನ್‌ಲೈನ್ ಪಾವತಿಗೆ ಒಟಿಪಿ ಬರುವುದು ಊರಿನ ಸಿಮ್‌ಗೆ. ಆದ್ದರಿಂದ ಜರ್ಮನಿಯ ಇಸಿಮ್ ಹಾಕಿಕೊಂಡರೂ ಊರಿನ ಸಿಮ್‌ನ ರೋಮಿಂಗ್ ಚಾಲೂ ಇರಲಿ, ಅದರ ಡೇಟಾ ಮಾತ್ರ ಆಫ್ ಮಾಡಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟ್‌ನದ್ದೇ ಆಗಿರಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಸಾಲು ಖಾಲಿ. ಹೆಸರಿನ ಸಾಲಿನಲ್ಲಿ ಎರಡು ಪದವಿದ್ದರೆ ಕೊನೆಯದನ್ನು ಸರ್‌ನೇಮ್ ಜಾಗಕ್ಕೆ ಹಾಕುವುದು ನನ್ನ ರೂಢಿ.

ವಾಲ್‌ಡಾರ್ಫ್‌ಗೆ ಹೋಗುವವರು ಮಾನ್‌ಹೈಮ್‌ವರೆಗೆ ಒಂದು, ಅಲ್ಲಿಂದ ಒಂದು ಎಂದು ಟಿಕೆಟ್ ಒಡೆಯಬೇಡಿ. ವೀಸ್‌ಲೋಹ್-ವಾಲ್‌ಡಾರ್ಫ್‌ವರೆಗೂ ಒಂದೇ ಟಿಕೆಟ್ ಇದ್ದರೆ, ಐಸಿಇ ತಡವಾಗಿ ಮಾನ್‌ಹೈಮ್‌ನಲ್ಲಿ ಮುಂದಿನ ರೈಲು ತಪ್ಪಿದರೂ ಹೊಣೆ ರೈಲಿನವರದು. ಊರಿಗೆ 60 ನಿಮಿಷ ತಡವಾಗಿ ತಲುಪಿದರೆ ದರದ ಶೇ. 25, 120 ನಿಮಿಷವಾದರೆ ಶೇ. 50 ವಾಪಸ್ ಕೇಳಬಹುದು. 2024ರಲ್ಲಿ ಅಲ್ಲಿನ ದೂರದ ರೈಲುಗಳ ಸಮಯಪಾಲನೆ ಶೇ. 62.5, ಆರು ನಿಮಿಷದೊಳಗಿನ ತಡವನ್ನು ಆ ಲೆಕ್ಕದಲ್ಲಿ ತಡವೆಂದೇ ಎಣಿಸುವುದಿಲ್ಲ. ಅಂದಮೇಲೆ ಈ ಹಕ್ಕು ಬರೀ ಕಾಗದದ ಮೇಲಿನದಲ್ಲ.

ಪ್ಲಾಟ್‌ಫಾರ್ಮ್‌ನಲ್ಲಿ ನಿಂತಾಗ ತಲೆಯ ಮೇಲಿನ ಬೋರ್ಡನ್ನು ಪೂರ್ತಿ ಓದಿ. ದೊಡ್ಡ ಅಕ್ಷರದ ಊರು, ರೈಲಿನ ಸಂಖ್ಯೆ ಎಲ್ಲರೂ ನೋಡುತ್ತಾರೆ. ಕೆಲಸಕ್ಕೆ ಬರುವುದು ಅದರ ಜೊತೆ ಹರಿಯುವ ಸಣ್ಣ ಸಾಲು. ‘ಹೊಯ್ಟೆ ಫಾನ್ ಗ್ಲೈಸ್’ ಎಂದಿದ್ದರೆ ಈವತ್ತು ಪ್ಲಾಟ್‌ಫಾರ್ಮ್ ಬದಲಾಗಿದೆ, ‘ಫೆಲ್ಟ್ ಆಉಸ್’ ಎಂದರೆ ರೈಲು ರದ್ದು. ಆಮೇಲೆ ಎ, ಬಿ, ಸಿ ಎಂಬ ಅಕ್ಷರಗಳು. ಅವು ಪ್ಲಾಟ್‌ಫಾರ್ಮ್‌ನ ಭಾಗಗಳು. ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ಆ್ಯಪ್ ತೋರಿಸುತ್ತದೆ. ಐಸಿಇ 3 ಮಾದರಿಯ ರೈಲಿನ ಒಂದು ಸೆಟ್ 200 ಮೀಟರ್, ಎರಡು ಜೋಡಿಸಿದರೆ 400. ಜೋಡಿಸಿದ ಸೆಟ್‌ಗಳ ನಡುವೆ ಓಡಾಡಲು ದಾರಿಯಿಲ್ಲ. ಮುಂದೆಲ್ಲೋ ಎರಡೂ ಬೇರ್ಪಟ್ಟು ಬೇರೆ ಬೇರೆ ಊರಿಗೆ ಹೋಗುವುದುಂಟು, ಆದ್ದರಿಂದ ಬೋಗಿಯ ಪಕ್ಕದ ಫಲಕದಲ್ಲಿ ನಿಮ್ಮ ಊರಿನ ಹೆಸರು ನೋಡಿಯೇ ಹತ್ತಿ. ಕೊಲೋನ್‌ಗೆ ಹೋಗುವವರು ಇನ್ನೊಂದು ನೋಡಬೇಕು: ಕೆಲವು ಐಸಿಇ ಹಾಪ್ಟ್‌ಬಾನ್‌ಹೋಫ್‌ಗೆ, ಅಂದರೆ ಊರಿನ ಮುಖ್ಯ ರೈಲು ನಿಲ್ದಾಣಕ್ಕೆ ಹೋಗುವುದಿಲ್ಲ, ನದಿಯ ಈಚೆ ದಡದ ಮೆಸ್ಸೆ-ಡೊಯ್ಟ್ಸ್‌ನಲ್ಲೇ ನಿಲ್ಲುತ್ತವೆ. ಬಾಗಿಲು ತಾನಾಗಿ ತೆರೆಯದಿದ್ದರೆ ಗುಂಡಿ ಒತ್ತಬೇಕು. 23 ಕೆಜಿಯ ಎರಡು ಪೆಟ್ಟಿಗೆ ತಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಕಷ್ಟ. ಸೀಟು ಕಾದಿರಿಸುವಾಗಲೇ ನಕ್ಷೆಯಲ್ಲಿ ಸಾಮಾನಿನ ಕಪಾಟು ನೋಡಿ ಅದರ ಹತ್ತಿರದ್ದನ್ನು ಆರಿಸಿ. ಸೀಟಿನ ದುಡ್ಡು ಬೇರೆ, ನಿದ್ದೆಗೆಟ್ಟ ದೇಹಕ್ಕೆ ಅದು ದಂಡವಲ್ಲ.

ಫ್ರಾಂಕ್‌ಫರ್ಟ್ ಊರೊಳಗೇ ಹೋಗುವವರಿಗೆ ಇಷ್ಟೆಲ್ಲ ಬೇಡ. ಹಸಿರು ವೃತ್ತದೊಳಗಿನ ಬಿಳಿ ‘ಎಸ್’ ಹಿಡಿದು ಕೆಳಗಿಳಿದು ಎಸ್8 ಅಥವಾ ಎಸ್9 ಹತ್ತಿದರೆ ಹಾಪ್ಟ್‌ಬಾನ್‌ಹೋಫ್‌ಗೆ ಸುಮಾರು 13 ನಿಮಿಷ. ಎದುರು ದಿಕ್ಕಿನವು ವೀಸ್‌ಬಾಡೆನ್‌ಗೆ ಹೋಗುತ್ತವೆ, ಸಂಖ್ಯೆ ಅದೇ; ಕೊನೆಯ ನಿಲ್ದಾಣದ ಹೆಸರು ಓದಿ. ಗೇಟು ಇಲ್ಲವೆಂದು ಟಿಕೆಟ್ ಇಲ್ಲದೆ ಹತ್ತಿದರೆ ದಂಡ 60 ಯೂರೋ. ಹಾಪ್ಟ್‌ಬಾನ್‌ಹೋಫ್‌ನಲ್ಲಿ ಇವು ನಿಲ್ಲುವುದು ನೆಲದಡಿಯ 101ರಿಂದ 104ರಲ್ಲಿ. ಅಲ್ಲಿಂದ ದೂರದ ರೈಲು ಹಿಡಿಯುವುದಿದ್ದರೆ ಮೇಲೆ ಬರಲು ಹತ್ತು ನಿಮಿಷ ಇಟ್ಟುಕೊಳ್ಳಿ.

ವಯಸ್ಸಾದ ಅಪ್ಪ ಅಮ್ಮ ಮಕ್ಕಳ ಮನೆಗೆ ಹೋಗುವಾಗ ಫೋನನ್ನೇ ನಂಬಿ ಕಳುಹಿಸುವುದು ನನಗೆ ಸರಿಬರುವುದಿಲ್ಲ. ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡುತ್ತೇನೆ: ಮೇಲಿನ ಸಾಲಿನಲ್ಲಿ ನಿಲ್ದಾಣದ ಹೆಸರು, ಬೋರ್ಡಿನಲ್ಲಿ ಕಾಣುವ ಜರ್ಮನ್ ಅಕ್ಷರದಲ್ಲೇ, ಕೆಳಗೆ ಅದರ ಉಚ್ಚಾರ ಕನ್ನಡದಲ್ಲಿ. ಆಮೇಲೆ ರೈಲಿನ ಸಂಖ್ಯೆ, ಬೋಗಿ, ಸೀಟು, ಪ್ಲಾಟ್‌ಫಾರ್ಮ್‌ನ ಅಕ್ಷರ. ಇಳಿಯುವ ಊರಿನ ಪಕ್ಕದಲ್ಲಿ ಅದರ ಹಿಂದಿನ ನಿಲ್ದಾಣದ ಹೆಸರು. ಅದು ದಾಟುತ್ತಿದ್ದಂತೆ ಪೆಟ್ಟಿಗೆಗಳನ್ನು ಬಾಗಿಲ ಹತ್ತಿರ ತಂದುಕೊಳ್ಳಬೇಕು, ನಡುವಿನ ನಿಲ್ದಾಣಗಳಲ್ಲಿ ರೈಲು ಸಾಮಾನ್ಯವಾಗಿ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.