ಮುಚ್ಚಿದ ಎಕ್ಸೆಲ್ ಫೈಲ್ ತಾನಾಗಿ ತೆರೆಯುತ್ತಿದೆಯೇ? ಟೈಮರ್ ನಿಲ್ಲಿಸುವುದು ಹೀಗೆ

ಹತ್ತು ನಿಮಿಷಕ್ಕೊಮ್ಮೆ ಫೈಲ್ ಸೇವ್ ಆಗಲಿ ಅಂತ ಎಕ್ಸೆಲ್‌ನಲ್ಲಿ ಮ್ಯಾಕ್ರೊ (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಕೋಡ್) ಬರೆದಿಟ್ಟಿರುತ್ತೀರಿ. ಆ ಫೈಲ್ ಮುಚ್ಚಿ ಇನ್ನೊಂದರಲ್ಲಿ ಕೆಲಸ ಮಾಡುತ್ತಿರುವಾಗ, ಮುಚ್ಚಿದ್ದು ತಾನೇ ತೆರೆದುಕೊಳ್ಳುತ್ತದೆ. ಮತ್ತೆ ಮುಚ್ಚಿದರೆ ಮತ್ತೆ ಬರುತ್ತದೆ. ವೈರಸ್ ಇರಬಹುದು ಅಂತ ಗಾಬರಿಯಾಗುವುದು ಸಹಜ. ಆದರೆ ಇದು ವೈರಸ್ ಅಲ್ಲ.

ಮ್ಯಾಕ್ರೊಗೆ ವೇಳೆ ಗೊತ್ತುಮಾಡುವುದು ಅಪ್ಲಿಕೇಶನ್.ಆನ್‌ಟೈಮ್ ಎಂಬ ಆದೇಶ. ಈ ವೇಳಾಪಟ್ಟಿ ಇರುವುದು ಫೈಲ್ ಒಳಗಲ್ಲ, ಎಕ್ಸೆಲ್ ಬಳಿ. ಫೈಲ್ ಮುಚ್ಚಿದರೂ ಎಕ್ಸೆಲ್ ಚಾಲೂ ಇದ್ದರೆ, ಹೊತ್ತಿಗೆ ಸರಿಯಾಗಿ ಅದು ಫೈಲನ್ನು ಹುಡುಕಿ ತೆರೆದು ಮ್ಯಾಕ್ರೊ ಓಡಿಸುತ್ತದೆ. ಎಕ್ಸೆಲ್ ಪೂರ್ತಿ ಮುಚ್ಚಿದರೆ ಪಟ್ಟಿಯೂ ಹೋಗುತ್ತದೆ. ದಿನವಿಡೀ ನಾಲ್ಕೈದು ಫೈಲ್ ತೆರೆದಿಟ್ಟುಕೊಳ್ಳುವವರಿಗೆ ಅದು ಪರಿಹಾರವಲ್ಲ, ಅಲ್ವಾ?

ಹಾಗಾಗಿ ಫೈಲ್ ಮುಚ್ಚುವಾಗಲೇ ರದ್ದು ಮಾಡಬೇಕು. ರದ್ದಾಗಬೇಕಾದರೆ ಮೊದಲು ಕೊಟ್ಟ ಮ್ಯಾಕ್ರೊ ಹೆಸರನ್ನೂ ಸಮಯವನ್ನೂ ಹಾಗೆಯೇ ಮತ್ತೆ ಕೊಡಬೇಕು. ಒಂದು ಸೆಕೆಂಡ್ ಆಚೀಚೆ ಆದರೂ ಎಕ್ಸೆಲ್ ಒಪ್ಪುವುದಿಲ್ಲ, 1004 ಎಂಬ ಎರರ್ ಕೊಡುತ್ತದೆ. ರದ್ದು ಮಾಡುವಾಗ ‘ನೌ’ (ಈ ಕ್ಷಣದ ಸಮಯ) ಬಳಸಿ ಸಮಯವನ್ನು ಹೊಸದಾಗಿ ಲೆಕ್ಕ ಹಾಕಿದರೆ ಆಗುವುದು ಇದೇ. ಸಮಯವನ್ನು ಒಂದು ಕಡೆ ಬರೆದಿಟ್ಟುಕೊಳ್ಳಲೇಬೇಕು.

ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿ. ಎಡಿಟರ್ ತೆರೆದ ಮೇಲೆ ಇನ್ಸರ್ಟ್ ಮೆನುವಿನಿಂದ ಹೊಸ ಮಾಡ್ಯೂಲ್ (ಕೋಡ್ ಬರೆಯುವ ಹಾಳೆ) ಸೇರಿಸಿ. ಸಮಯ ಬರೆದಿಟ್ಟುಕೊಳ್ಳಲು ಅದರ ನೆತ್ತಿಯಲ್ಲಿ ಈ ಸಾಲು ಇರಲಿ (ಕೋಡ್ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಇಲ್ಲಿ ಕೊಟ್ಟಿರುವುದು ಓದುವ ಬಗೆ):

ಪಬ್ಲಿಕ್ ನೆಕ್ಸ್ಟ್‌ರನ್ ಆ್ಯಸ್ ಡೇಟ್

ಕೆಳಗೆ ‘ಟೈಮರ್‌ಹಚ್ಚು’ ಎಂಬ ಸಬ್ (ಹೆಸರಿಟ್ಟ ಕೋಡ್ ತುಂಡು) ಬರೆಯಿರಿ. ಅದರೊಳಗೆ ಎರಡೇ ಸಾಲು:

ನೆಕ್ಸ್ಟ್‌ರನ್ = ನೌ + ಟೈಮ್‌ವ್ಯಾಲ್ಯೂ("00:10:00")
ಅಪ್ಲಿಕೇಶನ್.ಆನ್‌ಟೈಮ್ ನೆಕ್ಸ್ಟ್‌ರನ್, "ಸೇವ್‌ಮಾಡು"

‘ಸೇವ್‌ಮಾಡು’ ಇನ್ನೊಂದು ಸಬ್. ಅದು ದಿಸ್‌ವರ್ಕ್‌ಬುಕ್.ಸೇವ್ ಎಂದು ಉಳಿಸಿ, ಮತ್ತೆ ಟೈಮರ್‌ಹಚ್ಚು ಕರೆಯುತ್ತದೆ. ಇಲ್ಲಿ ಆ್ಯಕ್ಟಿವ್‌ವರ್ಕ್‌ಬುಕ್ ಎಂದು ಬರೆಯಬೇಡಿ. ಆ ಕ್ಷಣದಲ್ಲಿ ನೀವು ಬೇರೆ ಫೈಲ್‌ನಲ್ಲಿದ್ದರೆ ಅದೇ ಸೇವ್ ಆಗಿಬಿಡುತ್ತದೆ.

ಈಗ ‘ಟೈಮರ್‌ನಿಲ್ಲಿಸು’:

ಆನ್ ಎರರ್ ರೆಸ್ಯೂಮ್ ನೆಕ್ಸ್ಟ್
ಅಪ್ಲಿಕೇಶನ್.ಆನ್‌ಟೈಮ್ ನೆಕ್ಸ್ಟ್‌ರನ್, "ಸೇವ್‌ಮಾಡು", , ಫಾಲ್ಸ್

ಮೊದಲ ಸಾಲು, ಎರರ್ ಬಂದರೂ ನಿಲ್ಲದೆ ಮುಂದೆ ಹೋಗಲು. ಕೊನೆಯ ಫಾಲ್ಸ್ ಅಂದರೆ ‘ರದ್ದು ಮಾಡು’. ನಡುವಿನ ಎರಡು ಅಲ್ಪವಿರಾಮ ಮರೆಯಬೇಡಿ. ಟೈಮರ್‌ಹಚ್ಚು ಶುರುವಿನಲ್ಲೂ ಈ ಟೈಮರ್‌ನಿಲ್ಲಿಸು ಕರೆಯುವುದು ಒಳ್ಳೆಯದು. ಇಲ್ಲದಿದ್ದರೆ ಟೈಮರ್ ಎರಡು ಸಲ ಹಚ್ಚಿದಾಗ ಮೊದಲಿನದರ ಸಮಯ ಅಳಿಸಿಹೋಗಿ, ಅದನ್ನು ನಿಲ್ಲಿಸುವ ದಾರಿಯೇ ಇರುವುದಿಲ್ಲ.

ಇನ್ನು ಎಡಗಡೆಯ ಪಟ್ಟಿಯಲ್ಲಿ ದಿಸ್‌ವರ್ಕ್‌ಬುಕ್ ಮೇಲೆ ಡಬಲ್ ಕ್ಲಿಕ್ ಮಾಡಿ. ಫೈಲ್ ತೆರೆದಾಗ ಓಡುವ ವರ್ಕ್‌ಬುಕ್_ಓಪನ್‌ನಲ್ಲಿ ಟೈಮರ್‌ಹಚ್ಚು, ಮುಚ್ಚುವಾಗ ಓಡುವ ವರ್ಕ್‌ಬುಕ್_ಬಿಫೋರ್‌ಕ್ಲೋಸ್‌ನಲ್ಲಿ ಟೈಮರ್‌ನಿಲ್ಲಿಸು ಕರೆಯಿರಿ.

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಬಿಫೋರ್‌ಕ್ಲೋಸ್ ಓಡುವುದು ‘ಸೇವ್ ಮಾಡಬೇಕೆ?’ ಎಂಬ ಪ್ರಶ್ನೆ ಬರುವುದಕ್ಕೂ ಮೊದಲು. ಆ ಪ್ರಶ್ನೆಗೆ ಕ್ಯಾನ್ಸಲ್ ಒತ್ತಿದರೆ ಫೈಲ್ ತೆರೆದೇ ಇರುತ್ತದೆ, ಟೈಮರ್ ಮಾತ್ರ ನಿಂತಿರುತ್ತದೆ. ಸೇವ್ ಆಗುತ್ತಿದೆ ಅಂತ ನಂಬಿ ಕೆಲಸ ಮುಂದುವರಿಸುತ್ತೀರಿ, ಆಗುತ್ತಿರುವುದಿಲ್ಲ. ಇದು ನಿಜಕ್ಕೂ ಅಪಾಯ. ಅದಕ್ಕೆ ಮಿ.ಸೇವ್ಡ್ ಫಾಲ್ಸ್ ಇದ್ದಾಗ (‘ಮಿ’ ಅಂದರೆ ಇದೇ ಫೈಲ್, ಸೇವ್ ಆಗದ ಬದಲಾವಣೆ ಇದೆ ಎಂದರ್ಥ) ಬಿಫೋರ್‌ಕ್ಲೋಸ್ ಒಳಗೇ ಎಂಎಸ್‌ಜಿಬಾಕ್ಸ್ (ಪ್ರಶ್ನೆ ಕೇಳುವ ಪುಟ್ಟ ಪೆಟ್ಟಿಗೆ) ಹಾಕಿ ನೀವೇ ಕೇಳಿ. ಯೆಸ್ ಅಂದರೆ ಮಿ.ಸೇವ್. ನೋ ಅಂದರೆ ಮಿ.ಸೇವ್ಡ್ = ಟ್ರೂ. ಕ್ಯಾನ್ಸಲ್ ಅಂದರೆ ಕ್ಯಾನ್ಸಲ್ = ಟ್ರೂ ಮಾಡಿ ಎಕ್ಸಿಟ್ ಸಬ್. ಇದೆಲ್ಲ ಮುಗಿದ ಮೇಲೆ ಕಡೆಯ ಸಾಲಾಗಿ ಟೈಮರ್‌ನಿಲ್ಲಿಸು.

ಯಾವುದೋ ಎರರ್ ಬಂದಾಗ ‘ಎಂಡ್’ ಒತ್ತಿದರೆ ನೆಕ್ಸ್ಟ್‌ರನ್ ಬೆಲೆ ಸೊನ್ನೆಯಾಗುತ್ತದೆ. ವೇಳಾಪಟ್ಟಿ ಮಾತ್ರ ಹಾಗೇ ಉಳಿಯುತ್ತದೆ. ಆಗ ಎಕ್ಸೆಲ್ ಪೂರ್ತಿ ಮುಚ್ಚಿ ತೆರೆಯುವುದೇ ಸುಲಭ.

ಫೈಲನ್ನು ಎಕ್ಸ್‌ಎಲ್‌ಎಸ್‌ಎಂ (ಮ್ಯಾಕ್ರೊ ಇಟ್ಟುಕೊಳ್ಳುವ ಬಗೆಯ ಫೈಲ್) ಆಗಿ ಉಳಿಸಿ. ಪರೀಕ್ಷೆಗೆ ಹತ್ತು ನಿಮಿಷದ ಬದಲು "00:00:20" ಹಾಕಿ ಸೇವ್ ಮಾಡಿ ಮುಚ್ಚಿ, ಮತ್ತೆ ತೆರೆಯಿರಿ. ಪಕ್ಕದಲ್ಲಿ ಬೇರೊಂದು ಫೈಲ್ ಇಟ್ಟುಕೊಂಡು ಇದನ್ನು ಮುಚ್ಚಿ, ಅರ್ಧ ನಿಮಿಷ ಸುಮ್ನೆ ಕಾಯಿರಿ. ಫೈಲ್ ವಾಪಸ್ ಬರದಿದ್ದರೆ ಸಮಯವನ್ನು ಮತ್ತೆ ಹತ್ತು ನಿಮಿಷಕ್ಕೆ ಬದಲಿಸಿ.